ತೋಳು ನೋಡಲು ಎರಡು ದಿನ

ಪ್ರವಾಸ ಕಚೇರಿಯವರು ಪುಕ್ಕಟೆ ನಕ್ಷೆಗಳನ್ನು ಇಟ್ಟಿದ್ದು ಕಪಾಟಿನ ತೀರಾ ಕೆಳಗಿನ ಅರೆಯಲ್ಲಿ. ಅಕ್ಕನ ಜೊತೆ ಪ್ರವಾಸ ಹೊರಡಲಿದ್ದ ತಮ್ಮ ಒಂದನ್ನು ತೆಗೆಯಲು ಬಗ್ಗಿದ. ಪರ್ರ್ ಎಂದು ಸದ್ದಾಯಿತು. ಕೌಂಟರಿನ ಹುಡುಗಿ ತಲೆಯೆತ್ತಿ, “ನಕ್ಷೆ ಹರೀತಾ ಸರ್?” ಎಂದಳು.

“ಹೂಂ, ನಕ್ಷೇನೇ,” ಎಂದ ಅವನು, ಕೂದಲೂ ಕೊಂಕದ ನಕ್ಷೆಯನ್ನು ಅಗಲವಾಗಿ ಬಿಡಿಸಿ ಪ್ಯಾಂಟಿನ ಹಿಂಬದಿಗೆ ಹಿಡಿದುಕೊಂಡು, ಗೋಡೆಗೆ ಬೆನ್ನು ಕೊಟ್ಟುಕೊಂಡೇ ಬಾಗಿಲು ದಾಟಿದ. ನೀರು ಸರಬರಾಜು ಕಚೇರಿಯ ಹೆಡ್ ಗುಮಾಸ್ತ, ಐವತ್ತೆರಡರ ಗಂಡಸು, ಎರಡು ಬೀದಿ ಆಚೆಯ ಅಕ್ಕನ ಅಂಗಡಿಯವರೆಗೆ ಏಡಿಯ ಹಾಗೆ ಅಡ್ಡಡ್ಡ ನಡೆದ. ನಕ್ಷೆಯಲ್ಲಿದ್ದ ದೂರದ ಕಲಾನಗರಿಯ ಹನ್ನೊಂದು ಪ್ರೇಕ್ಷಣೀಯ ಸ್ಥಳಗಳನ್ನು ಅವನಿಗಿಂತ ಮೊದಲು ಅವನ ಹಿಂದೆ ಬರುತ್ತಿದ್ದವರು ನೋಡಿಬಿಟ್ಟರು.

ಅಕ್ಕ ದರ್ಜಿ. ಹತ್ತೊಂಬತ್ತಕ್ಕೆ ಅಪ್ಪನ ಹೊಲಿಗೆ ಯಂತ್ರದ ಮುಂದೆ ಕೂತವಳು ಐವತ್ತೇಳಾದರೂ ಎದ್ದಿಲ್ಲ; ಒಂದು ಮದುವೆ, ಎರಡು ಹೆರಿಗೆಗೆ ಎದ್ದದ್ದುಂಟು, ಅದೂ ಅವಸರದಲ್ಲಿ. ಕೊರಳಲ್ಲಿ ಟೇಪು, ಕಿವಿಯ ಮೇಲೆ ಸೀಮೆಸುಣ್ಣ, ತುಟಿಗಳ ನಡುವೆ ಯಾವಾಗಲೂ ಮೂರು ನಾಲ್ಕು ಗುಂಡುಪಿನ್ನು. ಹಾಗಾಗಿ ಮಾತು ಕಡಿಮೆ, ಆಡಿದರೆ ಹಲ್ಲು ಕಚ್ಚಿಕೊಂಡೇ.

“ಹೋದ ವರ್ಷವೇ ಸಡಿಲ ಮಾಡಿಸ್ಕೋ ಅಂದಿದ್ದೆ. ಬಿಚ್ಚು,” ಎಂದಳು.

ಯಾರದೋ ಮನೆಯ ಹೂವಿನ ಪರದೆ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡು ತಮ್ಮ ಕತ್ತರಿಸುವ ಮೇಜಿನ ಪಕ್ಕ ನಿಂತ. ಇಂಥ ಅವಮಾನದ ನಡುವೆಯೂ ಅವನ ಉತ್ಸಾಹ ಕುಗ್ಗಲಿಲ್ಲ. ಅಕ್ಕ ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅಂಗಡಿಗೆ ಎರಡು ದಿನ ಬೀಗ ಹಾಕಲು ಒಪ್ಪಿದ್ದಳು. ಬರುವ ಭಾನುವಾರ ಮತ್ತು ಸೋಮವಾರ. ಅದರಾಚೆಗೆ ಶಾಲೆಯ ಸಮವಸ್ತ್ರಗಳ ರಾಶಿ ಬಂದು ಬೀಳುತ್ತಿತ್ತು.

ಒಪ್ಪಿದ್ದಕ್ಕೆ ಕಾರಣ ಗೋಡೆಯ ಮೇಲಿತ್ತು. ದಾರದ ಕಂಪನಿಯೊಂದು ಯಾವ ಕಾಲದಲ್ಲೋ ಕೊಟ್ಟ ಕ್ಯಾಲೆಂಡರಿನ ಹಾಳೆ. ತಾರೀಖುಗಳನ್ನೆಲ್ಲ ಕತ್ತರಿಸಿ ಎಸೆದು ಚಿತ್ರವನ್ನಷ್ಟೇ ಉಳಿಸಿದ್ದಳು: ಕಿಟಕಿಯ ಬಳಿ ಕುಳಿತ ಕೆಂಪು ಉಡುಪಿನ ಹೆಂಗಸು, ಕುಂಬಳಕಾಯಿಯಂತೆ ಉಬ್ಬಿದ ತೋಳು. ಆ ತೋಳು ಭುಜಕ್ಕೆ ಸೇರುವ ಕಡೆ ಹೊಲಿಗೆಯೇ ಕಾಣುತ್ತಿರಲಿಲ್ಲ. ಇಪ್ಪತ್ತು ವರ್ಷ ನೋಡಿ ನೋಡಿ ಅಕ್ಕ ಅದರಂಥ ತೋಳು ಏಳು ಸಲ ಹೊಲಿದಳು, ಏಳೂ ಸಲ ಕೆಟ್ಟಿತು. ಒಂದು ಬಕೆಟ್ಟಾಯಿತು, ಒಂದು ದಿಂಬಾಯಿತು. ಒಂದನ್ನು ತೊಟ್ಟ ತಮ್ಮನ ಮಗಳು ಬಸ್ಸಿನ ಬಾಗಿಲಲ್ಲಿ ಸಿಕ್ಕಿಕೊಂಡಳು. ಅಚ್ಚಿನ ಬಣ್ಣ ಸರಿಯಾಗಿ ಭುಜದ ಹತ್ತಿರವೇ ಕಪ್ಪಿಟ್ಟಿತ್ತು. ಆ ಕಲಾನಗರಿಯ ಚಿತ್ರಶಾಲೆಯಲ್ಲಿರುವ ಮೂಲ ಚಿತ್ರವನ್ನು ಒಮ್ಮೆ ಕಣ್ಣಾರೆ ನೋಡಿಬಿಟ್ಟರೆ ಗುಟ್ಟು ಗೊತ್ತಾಗುತ್ತದೆ, ಅಷ್ಟೇ ಅವಳಿಗೆ ಬೇಕಾದದ್ದು.

“ಆ ಚಿತ್ರ ಹೇಗೂ ಇರುತ್ತಕ್ಕಾ,” ಎಂದು ತಮ್ಮ ನಕ್ಷೆ ಹರಡಿದ. “ಮೊದಲು ಗಂಟೆ ಗೋಪುರ, ಆಮೇಲೆ ಹಳೇ ಸೇತುವೆ, ಅರಮನೆ, ಅಲ್ಲಿಂದ ಕಾರಂಜಿ ಚೌಕ... ಒಟ್ಟು ಹನ್ನೊಂದು. ಹೆಂಗೆ?”

ಅಕ್ಕ ಮಾದರಿ ಕತ್ತರಿಸುವ ಕಂದು ಕಾಗದ ಎಳೆದು ಹಾಸಿದಳು. ಗಂಟೆಗೆ ನಾಲ್ಕು ಬೆರಳಿನಂತೆ ಎರಡು ದಿನಗಳನ್ನು ಅಳೆದು ಗೆರೆ ಹಾಕಿದಳು. ಪ್ರತಿ ಸ್ಥಳಕ್ಕೂ ಒಂದೊಂದು ತುಂಡು ಕತ್ತರಿಸಿ, ರವಿಕೆಯ ಬಿಡಿಭಾಗಗಳನ್ನು ಬಟ್ಟೆಯ ಮೇಲೆ ಜೋಡಿಸುವಂತೆ ಜೋಡಿಸಿದಳು. ತಮ್ಮನ ಹನ್ನೊಂದೂ ಹಿಡಿದವು, ಅಂಚಿಗೆ ಅಂಚು.

“ನೋಡಿದ್ಯಾ!” ಎಂದ ಅವನು.

“ಹೊಲಿಗೆಗೆ ಬಟ್ಟೆ ಎಲ್ಲಿ ಬಿಟ್ಟಿದೀಯೋ? ಒಂದರಿಂದ ಇನ್ನೊಂದಕ್ಕೆ ಹಾರ್ಕೊಂಡು ಹೋಗ್ತೀವಾ? ಊಟ? ನಿನ್ನ ಮಂಡಿ?”

ಪ್ರತಿ ತುಂಡಿನ ಸುತ್ತ ಎರಡೆರಡು ಬೆರಳು ಬಿಟ್ಟಳು. ಸೇತುವೆ ಮೇಜಿನಿಂದ ಕೆಳಗೆ ಬಿತ್ತು. ಅರಮನೆ ಬಿತ್ತು. ಗೋಪುರಕ್ಕೆ ಮುನ್ನೂರ ಹನ್ನೆರಡು ಮೆಟ್ಟಿಲು ಎಂದು ನಕ್ಷೆಯಲ್ಲಿ ಓದಿ, ಅದನ್ನು ತಮ್ಮನೇ ಸದ್ದಿಲ್ಲದೆ ಬೀಳಿಸಿದ. ಕೊನೆಗೆ ಉಳಿದಿದ್ದು ಚಿತ್ರಶಾಲೆ, ಕಾರಂಜಿ, ನಿದ್ದೆ.

“ಈಗ ಫೋನ್ ಹಚ್ಚು.”

ಚಿತ್ರಶಾಲೆಯ ಗುಮಾಸ್ತನ ಧ್ವನಿ ಸ್ಪೀಕರಿನಲ್ಲಿ ಕೇಳಿತು. ಸೋಮವಾರ ರಜೆ. ಭಾನುವಾರದ ಟಿಕೆಟೆಲ್ಲ ಮುಗಿದಿವೆ. ಅಕ್ಕನ ಕೈ ಟೇಪಿನ ತುದಿಯನ್ನು ಸುರುಳಿ ಸುತ್ತತೊಡಗಿತು. ಅವಳು ಹಾಗೆ ಮಾಡುವುದು ದುಬಾರಿ ರೇಷ್ಮೆಗೆ ಕತ್ತರಿ ಇಡುವಾಗ ಮಾತ್ರ ಎಂಬುದು ತಮ್ಮನಿಗೆ ಗೊತ್ತು.

“ಇನ್ನೊಂದ್ಸಲ ನೋಡಿ ಸಾರ್, ನಮ್ಮಕ್ಕ ಇಪ್ಪತ್ತು ವರ್ಷದಿಂದ ಕಾಯ್ತಿದಾರೆ,” ಎಂದು ಅವನು ಪರದೆ ಬಟ್ಟೆ ಜಾರುವುದನ್ನೂ ಲೆಕ್ಕಿಸದೆ ಅಂಗಲಾಚಿದ.

ಕೀಲಿಮಣೆ ಟಕಟಕ ಎಂದಿತು. “ಯಾರೋ ಈಗ ತಾನೇ ಬಿಟ್ಟಿದಾರೆ. ಸಂಜೆ ನಾಲ್ಕಕ್ಕೆ, ಮುಕ್ಕಾಲು ಗಂಟೆ. ಒಂದೇ ಟಿಕೆಟ್ಟು.”

“ಒಂದೇನಾ?” ಎಂದ ತಮ್ಮ.

“ನೀನು ಕಾರಂಜಿ ಹತ್ರ ಬ್ಯಾಗ್ ಕಾಯಿ,” ಎಂದ ಅಕ್ಕ ಪಿನ್ನುಗಳನ್ನು ಬಾಯಿಂದ ತೆಗೆದಳು. “ಅಲ್ಲಪ್ಪ, ಚಿತ್ರದ ಮುಂದೆ ಹಗ್ಗ ಕಟ್ಟಿರ್ತೀರಲ್ಲ, ಅದು ಎಷ್ಟು ದೂರ?”

ಇಂಥ ಪ್ರಶ್ನೆಯನ್ನು ಚಿತ್ರಶಾಲೆಯ ಗುಮಾಸ್ತನಿಗೆ ಯಾರೂ ಕೇಳಿರಲಿಲ್ಲವೆಂದು ತೋರುತ್ತದೆ. ವಿಚಾರಿಸಿಕೊಂಡು ಬಂದು, “ಎರಡು ಮೀಟರ್,” ಎಂದ.

ಅಕ್ಕ ಟೇಪು ಹಿಡಿದು ಎರಡು ಮೀಟರ್ ಅಳೆದಳು. ತಮ್ಮನನ್ನು ಆ ತುದಿಯಲ್ಲಿ ನಿಲ್ಲಿಸಿ, ಸೂಜಿಗೆ ದಾರ ಪೋಣಿಸುವ ಕನ್ನಡಕ ತೆಗೆದಿಟ್ಟು, ಕಣ್ಣು ಕಿರಿದು ಮಾಡಿ ಅವನ ಅಂಗಿಯನ್ನು ನೋಡಿದಳು.

“ಎಡತೋಳಿನ ಹೊಲಿಗೆ ಒಂದು ನೂಲು ಹಿಂದಕ್ಕೆ ಎಳೆದಿದೆ. ಇದು ನಾನು ಹೊಲಿದಿದ್ದಲ್ಲ. ರೆಡಿಮೇಡು ತಗೊಂಡ್ಯಾ?”

ತಮ್ಮನಿಗೆ ಅದೇ ಕ್ಷಣದಲ್ಲಿ ಸೀಲಿಂಗಿನ ಫ್ಯಾನು ಬಹಳ ಸುಂದರವಾಗಿ ಕಂಡಿತು.

“ಕಾಣುತ್ತೆ, ಸಾಕು,” ಎಂದಳು ಅಕ್ಕ ಫೋನಿಗೆ. “ಕೊಡಪ್ಪ ಆ ಟಿಕೆಟ್ಟು.”

ಟಿಕೆಟ್ ಬರೆದ ಗುಮಾಸ್ತನಿಗೆ ಇಷ್ಟು ಶ್ರದ್ಧೆಯ ಕಲಾಪ್ರೇಮಿ ಸಿಕ್ಕಿದ್ದು ಖುಷಿಯಾಗಿರಬೇಕು. “ಅಮ್ಮಾ, ಇದೇ ಟಿಕೆಟ್‌ನಲ್ಲಿ ಮೇಲಿನ ಮಹಡಿಯೂ ಇದೆ. ಅಲ್ಲೊಂದು ಸ್ನಾನದ ಚಿತ್ರ ಇದೆ, ಕೊಳದ ದಂಡೆ ಮೇಲೆ ಆರು ಜನ ಹೆಂಗಸರು, ಮೈ ಮೇಲೆ ನೂಲೆಳೆಯೂ ಇಲ್ಲ. ದೇಶದೇಶದಿಂದ ಜನ ಅದಕ್ಕೇ ಬರ್ತಾರೆ. ಇಷ್ಟು ದೂರ ಬಂದು ಅದನ್ನ ನೋಡದೇ ಹೋಗ್ತೀರಾ?”

ಅಕ್ಕ ಪಿನ್ನುಗಳನ್ನು ಒಂದೊಂದಾಗಿ ಮತ್ತೆ ಬಾಯಿಗಿಟ್ಟುಕೊಂಡಳು.

“ಬಟ್ಟೇನೇ ಇಲ್ಲ ಅಂದ್ಮೇಲೆ ನಂಗಲ್ಲೇನಪ್ಪ ಕೆಲಸ.”