ಹತ್ತೊಂಬತ್ತು ವರ್ಷದ ಸರದಿ

ತೂವಾ ಎಕೆಲುಂಡ್ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಅವಳು ಬರೆದ ಕರಡಿಗಳು ಸ್ಟಾಕ್‌ಹೋಮ್‌ನ ಎಷ್ಟೋ ಮಕ್ಕಳ ಹಾಸಿಗೆಯ ಪಕ್ಕ ಇವೆ. ಅವಳ ಹಾಸಿಗೆ ಮಾತ್ರ ಹತ್ತೊಂಬತ್ತು ವರ್ಷದಲ್ಲಿ ಹದಿನಾಲ್ಕು ಮನೆ ಕಂಡಿದೆ. ಎಲ್ಲವೂ ಯಾರದೋ ಮನೆಯ ಒಳಬಾಡಿಗೆ. ಅಸಲು ಬಾಡಿಗೆದಾರಳು ಪ್ರಿಯಕರನ ಹತ್ತಿರ ಜಗಳವಾಡಿಕೊಂಡು ವಾಪಸು ಬಂದರೆ ತೂವಾ ಗಂಟುಮೂಟೆ ಕಟ್ಟಬೇಕು. ಒಂದು ಕೋಣೆಗೆ ತಿಂಗಳಿಗೆ ಹನ್ನೊಂದು ಸಾವಿರ ಕ್ರೋನರ್. ಪುಸ್ತಕ ಮುಗಿಸಲು ನಾಲ್ಕು ತಿಂಗಳು, ದುಡ್ಡು ಕೈಗೆ ಬರಲು ಇನ್ನೊಂದು ತಿಂಗಳು, ಬಂದದ್ದರಲ್ಲಿ ಅರ್ಧದಷ್ಟು ತೆರಿಗೆಗೆ. ಮಧ್ಯಾಹ್ನಕ್ಕೆ ಒಣ ರೊಟ್ಟಿಯ ಮೇಲೆ ಮೀನುಮೊಟ್ಟೆಯ ಪೇಸ್ಟ್ ಹಿಂಡಿಕೊಂಡು ತಿನ್ನುತ್ತಾಳೆ. ನನ್ನ ಊಟವೂ ಅದೇ, ಅವಳನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ.

ನಾನು ಹೆಡ್ವಿಗ್, ಪುಸ್ತಕದ ಮುಖಪುಟ ಮಾಡುವವಳು. ಹೆಗರ್‌ಸ್ಟೆನ್‌ನಲ್ಲಿ ಹಿಂದೆ ಹೂವಿನಂಗಡಿಯಾಗಿದ್ದ ಜಾಗದಲ್ಲಿ ನಮ್ಮಿಬ್ಬರ ಮೇಜುಗಳೂ ಎದುರುಬದುರು.

ಔಷಧಿ ಅಂಗಡಿಯಲ್ಲೂ ನಂಬರಿನ ಚೀಟಿ ಹಿಡಿದು ಕಾಯುವ ಜನ ನಾವು. ಹದಿನೆಂಟು ತುಂಬಿದ ದಿನ ತಾಯಂದಿರು ಮಕ್ಕಳ ಹೆಸರನ್ನು ನಗರಸಭೆ ನಡೆಸುವ ಬಾಡಿಗೆಮನೆಯ ಸರದಿಗೆ ಬರೆಸುತ್ತಾರೆ. ವರ್ಷಕ್ಕೆ ಇನ್ನೂರು ಕ್ರೋನರ್ ಕಟ್ಟುತ್ತಿದ್ದರೆ ದಿನಗಳು ಕೂಡುತ್ತಾ ಹೋಗುತ್ತವೆ, ತಪ್ಪಿಸಿದರೆ ಸೊನ್ನೆ. ತೂವಾಳ ತಾಯಿ ಬೆರಿತ್ ಮಗಳ ಹುಟ್ಟುಹಬ್ಬದ ಬೆಳಿಗ್ಗೆಯೇ ಹೆಸರು ಬರೆಸಿ, ಆ ಇನ್ನೂರು ಮಗಳ ಖಾತೆಯಿಂದ ತಾನಾಗಿಯೇ ಹೋಗುವಂತೆ ಬ್ಯಾಂಕಿನಲ್ಲಿ ಮಾಡಿಸಿಟ್ಟಿದ್ದಳು. ಮಗಳಿಗೆ ಸರದಿ ನೆನಪಿತ್ತು, ಅದಕ್ಕೆ ದುಡ್ಡು ಹೋಗುವುದನ್ನು ಮರೆತೇಬಿಟ್ಟಿದ್ದಳು.

ಜನವರಿಯಲ್ಲಿ ಅವಳ ಬಾಡಿಗೆ ಏರಿತು. ಖಾತೆಯಿಂದ ಸೋರುತ್ತಿರುವುದನ್ನೆಲ್ಲ ನಿಲ್ಲಿಸೋಣವೆಂದು ನಾವಿಬ್ಬರೂ ಕಂಪ್ಯೂಟರಿನ ಮುಂದೆ ಕೂತೆವು. ಸಿನಿಮಾ, ಸಂಗೀತ, ತಿಂಗಳಿಗೆ ಮೂವತ್ತೊಂಬತ್ತು ಕ್ರೋನರ್ ನುಂಗುತ್ತಿದ್ದ ಹಳೆಯ ಇಮೇಲ್, ಒಂದೊಂದನ್ನೇ ಕಿತ್ತುಹಾಕಿದೆವು. ಪಟ್ಟಿಯ ಕೊನೆಯಲ್ಲಿ ವರ್ಷಕ್ಕೊಮ್ಮೆ ಹೋಗುವ ಇನ್ನೂರಿತ್ತು. ಯಾರಿಗೆಂದು ಹೆಸರಿರಲಿಲ್ಲ, ಬರೀ ಉದ್ದನೆಯ ಅಂಕಿ.

"ಏನೋ ಇರ್ಬೇಕು ಕಣೇ, ಇರ್ಲಿ ಬಿಡು," ಎಂದಳು ತೂವಾ.

"ಹಿಂಗೆ ಇರ್ಲಿ ಇರ್ಲಿ ಅಂತಾನೇ ನೀನು ಈ ಗತಿಗೆ ಬಂದಿರೋದು," ಎಂದು ನಾನೇ ಗುಂಡಿ ಒತ್ತಿದೆ.

ನನ್ನ ಸರದಿಯ ಇನ್ನೂರನ್ನು ನಾನು ಪ್ರತಿ ವರ್ಷ ಕೈಯಾರೆ ಕಟ್ಟುತ್ತೇನೆ. ಆದರೂ ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಏಪ್ರಿಲ್‌ನಲ್ಲಿ ಬಾಂಡ್‌ಹಾಗೆನ್‌ನ ಹಳೆಯ ಕಟ್ಟಡವೊಂದರಲ್ಲಿ ಮನೆ ಖಾಲಿಯಾಯಿತು. ಎರಡು ಕೋಣೆ, ಕಿಟಕಿಯಿರುವ ಅಡುಗೆಮನೆ, ಆರು ಸಾವಿರದ ಇನ್ನೂರು ಬಾಡಿಗೆ. ಕರಾರು ಸ್ವಂತ ಹೆಸರಿನಲ್ಲಿ, ಸಾಯುವ ತನಕ ಯಾರೂ ಎಬ್ಬಿಸುವಂತಿಲ್ಲ. ಜೂನ್‌ನಲ್ಲಿ ತೂವಾ ಇದ್ದ ಕೋಣೆ ಬಿಡಬೇಕಿತ್ತು, ಮುಂದಿನದು ಗೊತ್ತಾಗಿರಲಿಲ್ಲ. ಈ ಸಲವೂ ಸಿಗದಿದ್ದರೆ ಕುಂಚ ಕೆಳಗಿಟ್ಟು ಅಮ್ಮನ ಊರಿಗೆ ಹೋಗಿ ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರುತ್ತೇನೆಂದು ಹೇಳಿಬಿಟ್ಟಿದ್ದಳು. ಅಂಥ ಮನೆ ಹತ್ತೊಂಬತ್ತು ವರ್ಷ ಕಾದವರಿಗೆ ಸಿಗುತ್ತದೆ, ಅವಳಿಗೆ ಅಷ್ಟಾಗಿತ್ತು. ನಾನು ಅವಳಿಗಿಂತ ನಾಲ್ಕು ತಿಂಗಳು ಹಿಂದೆ. ಅವಳಿಗೇ ಸಿಗುವುದೆಂದು ಗೊತ್ತಿದ್ದೂ ಅಭ್ಯಾಸಬಲದಿಂದ ನಾನೂ ಅರ್ಜಿ ಹಾಕಿದೆ.

ಎದುರು ಮೇಜಿನಲ್ಲಿ ತೂವಾ ತನ್ನ ಅರ್ಜಿ ತುಂಬುತ್ತಿದ್ದಳು. ಎದ್ದು ಹೋಗಿ ನೋಡಿದೆ. ಪರದೆಯ ಮೇಲೆ, ಈ ಹೆಸರು ಸರದಿಯಲ್ಲಿಲ್ಲ ಎಂದಿತ್ತು. ಅವಳು ಮತ್ತೆ ಬರೆದಳು, ಮತ್ತೆ ಅದೇ. ಫೋನ್ ಮಾಡಿದಳು. ಹಣ ಕಟ್ಟಿಲ್ಲವೆಂದು ನಾಲ್ಕು ನೆನಪೋಲೆ ಕಳಿಸಿದ್ದರಂತೆ, ಎಲ್ಲವೂ ನಾವು ಮುಚ್ಚಿಸಿದ ಆ ಇಮೇಲ್‌ಗೆ. ನಿಯಮ ಎಲ್ಲರಿಗೂ ಒಂದೇ, ಬೇಕಾದರೆ ಹೊಸದಾಗಿ ಸೇರಬಹುದು, ಇವತ್ತಿಗೆ ಒಂದನೇ ದಿನ ಎಂದು ಆ ಕಡೆಯ ಹೆಂಗಸು ಮೃದುವಾಗಿಯೇ ಹೇಳಿದಳಂತೆ. ತೂವಾ ಅವಳಿಗೆ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು. ಎರಡು ಕಾಫಿ, ಎರಡು ಏಲಕ್ಕಿ ಬನ್ನಿನ ಬೆಲೆ ಉಳಿಸಲು ಹೋಗಿ ಒಬ್ಬಳ ಅರ್ಧ ಆಯುಷ್ಯ ಅಳಿಸಿಹಾಕಿದ್ದೆ.

"ಒತ್ತಿದ್ದು ನಾನು," ಎಂದೆ.

"ನಾನೇನು ಕಣ್ಮುಚ್ಚಿಕೊಂಡು ಕೂತಿದ್ನಾ?" ಎಂದಳು. ಆಮೇಲೆ ಅರ್ಧ ಬರೆದಿದ್ದ ಕರಡಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಎರಡು ವಾರದ ನಂತರ ನನಗೆ ಪತ್ರ ಬಂತು. ಅವಳು ಹೊರಗಾಗಿದ್ದರಿಂದ ನಾನೇ ಮೊದಲಿಗಳು, ಮನೆ ನನ್ನದು. ಓದುತ್ತಿದ್ದಂತೆ ಒಂದು ಕ್ಷಣ ಸಂತೋಷವಾಯಿತು. ನನಗೆ ದಿಗಿಲು ಹುಟ್ಟಿಸಿದ್ದು ಆ ಸಂತೋಷ. ಇಂಥವಳೇ ನಾನು ಎಂದುಕೊಂಡು ಪತ್ರ ಹಿಡಿದು ಮೆಟ್ಟಿಲ ಮೇಲೆ ಕೂತೆ.

ಬೇಡವೆಂದು ಬರೆಯುತ್ತೇನೆಂದಾಗ ತೂವಾಗೆ ನಿಜವಾಗಿ ಕೋಪ ಬಂತು.

"ನೀನು ಬೇಡ ಅಂದ್ರೆ ನಂಗೇನ್ ಸಿಗಲ್ಲ, ನಿನ್ನ ಹಿಂದಿರೋರಿಗೆ ಹೋಗುತ್ತೆ. ನಿನ್ನ ಸರದಿ ಬಂದಿದೆ, ಬಾಯ್ಮುಚ್ಚಿಕೊಂಡು ತಗೋ."

ತೆಗೆದುಕೊಂಡೆ. ಚಿಕ್ಕ ಕೋಣೆ ನಿನ್ನದು, ಊರು ಬಿಡಬೇಡ ಎಂದು ಅವಳ ಕೈಕಾಲು ಹಿಡಿದೆ.

ಜೂನ್‌ನ ಮೊದಲ ಶನಿವಾರ ಎರಡು ಪೆಟ್ಟಿಗೆ, ಮಡಚುವ ಮೇಜು ಹೊತ್ತು ಬಂದಳು. ಬಾಗಿಲಲ್ಲಿ ಶೂ ಕಳಚಿ ಸಾಲಾಗಿಟ್ಟಳು. ಬಾಡಿಗೆ ಬೇಡವೆಂದೆ, ಕೇಳಲಿಲ್ಲ, ಸರಿಯಾಗಿ ಅರ್ಧ ಕೊಡುತ್ತೇನೆಂದಳು. ಕಾಫಿ ಬಗ್ಗಿಸಿಕೊಟ್ಟೆ. ಲೋಟ ಕೈಯಲ್ಲಿ ಹಿಡಿದು ನಿಂತೇ ಇದ್ದಳು, ಪೆಟ್ಟಿಗೆ ಬಿಚ್ಚಲಿಲ್ಲ.

"ಯಾವ ತಿಂಗಳಿಗೆ ಖಾಲಿ ಮಾಡ್ಬೇಕು, ಈಗ್ಲೇ ಹೇಳ್ಬಿಡು ಹೆಡ್ವಿಗ್," ಎಂದಳು.