ಭಯ್ಯಾನ ಮಗ್ಗ

ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮಣ್ಣಾಗುವವರೆಗೆ ಯಾರೂ ಮಗ್ಗ ಓಡಿಸುವಂತಿಲ್ಲ. ಸುದ್ದಿ ಬಂದ ಕೂಡಲೇ ಮನೆಮನೆಗೆ ಹೋಗಿ ಮಗ್ಗ ನಿಲ್ಲಿಸುವವರು ಗುರುಸಿದ್ದಪ್ಪ. ಯಾರಾದರೂ ತಡ ಮಾಡಿದರೆ ‘ಮನಷ್ಯಾರೇನ್ರಿ ನೀವು?’ ಎಂದು ಬಾಗಿಲಲ್ಲೇ ಬೈಯುತ್ತಿದ್ದರು. ಆ ಬೈಗುಳಕ್ಕೆ ಓಣಿಯಲ್ಲಿ ಮರ್ಯಾದೆ ಇತ್ತು.

ಹೋದ ವರ್ಷ ದೂರದ ಉತ್ತರದಲ್ಲಿ ಕಲ್ಲಿದ್ದಲ ಗಣಿಯೊಂದು ಕುಸಿದು ಕೂಲಿಯವರು ಸತ್ತರು. ಟಿವಿಯಲ್ಲಿ ಅದನ್ನು ನೋಡುತ್ತ ಗುರುಸಿದ್ದಪ್ಪ ‘ಪಾಪ’ ಎಂದರು, ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ತಮ್ಮ ಮಗ್ಗದಲ್ಲಿ ವರ್ಷಗಳಿಂದ ನೇಯುತ್ತಿದ್ದ ಆಳು ಆ ಕಡೆಯವನೇ ಎಂಬುದು ಅವರಿಗೆ ನೆನಪಾಗಲಿಲ್ಲ. ಅವನನ್ನು ಎಲ್ಲರೂ ಭಯ್ಯಾ ಅನ್ನುತ್ತಿದ್ದರು.

ಊಟ ಮುಗಿಸಿ ಮಗ್ಗದ ಕೋಣೆಗೆ ಹೋದರೆ ಭಯ್ಯಾ ಕಣ್ಣೊರೆಸಿಕೊಳ್ಳುತ್ತ ಹರಿದ ಎಳೆಗೆ ಗಂಟು ಹಾಕುತ್ತಿದ್ದ.

‘ಏನಾತೋ?’

‘ನಮ್ಮಣ್ಣ ಗಣಿಯೊಳಗ ಇದ್ದ ರೀ. ಮುಂಜಾನಿ ಹೆಣ ಹೊರಗ ತಗದಾರಂತ.’

‘ಮತ್ತ ಮುಂಜಾನಿಂದ ಮಗ್ಗ ಓಡಸಾಕತ್ತಿಯಲ್ಲೋ. ಯಾಕ ನಿಲ್ಲಸಲಿಲ್ಲ?’

‘ನಮ್ಮ ಸಾವಿಗೂ ನಿಲ್ಲಸ್ತಾರ ಅಂತ ಗೊತ್ತಿರಲಿಲ್ಲ ರೀ.’

ಗುರುಸಿದ್ದಪ್ಪ ಅವನ ಮುಖ ನೋಡಲಾರದೆ ಮಗ್ಗ ಬಂದ್ ಮಾಡಿ ಪಕ್ಕದ ಮನೆಗೆ ನಡೆದರು. ಅಲ್ಲಿ ಮಾದೇವಿ ಮಗ್ಗ ನಿಲ್ಲಿಸುತ್ತಲೇ ಕೇಳಿದಳು: ‘ಯಾರು ತೀರಕೊಂಡ್ರು ರೀ ಕಾಕಾ?’

‘ನಮ್ಮ ಭಯ್ಯಾನ ಅಣ್ಣ.’

‘ಯಾವ ಭಯ್ಯಾ?’

ಉತ್ತರದಿಂದ ಬಂದ ಆಳುಗಳನ್ನೆಲ್ಲ ಹಾಗೇ ಕರೆಯುತ್ತಿದ್ದರು; ಓಣಿಯ ತುಂಬ ಭಯ್ಯಾಗಳೇ ಇದ್ದರು. ಗುರುಸಿದ್ದಪ್ಪ ತಲೆ ತಗ್ಗಿಸಿ ಭಯ್ಯಾನ ಹತ್ತಿರ ವಾಪಸ್ ಹೋದರು. ಸತ್ತವನ ಹೆಸರಿಗಿಂತ ಮೊದಲು ಅಳುತ್ತ ಕೂತವನ ಹೆಸರು ಕೇಳಿದರು.