ಹೊನ್ನಾಳಿಯಲ್ಲಿ ನಾನು ಡಿಗ್ರಿ ಓದಿದ್ದು

ನಾನು ಬಾಗಿಲು ದಾಟಿ ಒಳಗೆ ಕಾಲಿಟ್ಟ ಕೂಡಲೇ ಇಡೀ ತರಗತಿ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಅಂದಿತು. ಯಾರೋ ಮೇಡಂ ನನ್ನ ಹಿಂದೆಯೇ ಬಂದಿರಬೇಕೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮೂವತ್ತಮೂರು ವರ್ಷದ, ಸೀರೆಯುಟ್ಟ, ಮಗಳ ಹಳೇ ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡ ನಾನೊಬ್ಬಳೇ ಇದ್ದೆ. ಏನು ಹೇಳಬೇಕೋ ತಿಳಿಯದೆ ನೆಟ್ಟಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತುಬಿಟ್ಟೆ. ಆಮೇಲೆ ಎಲ್ಲ ಬೆಂಚುಗಳಿಂದಲೂ ನಗು ಎದ್ದಿತು.

ಜಗಳೂರು ಬಿಟ್ಟು ಹೊನ್ನಾಳಿಗೆ ಬಂದು ಅಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ಆದರೂ ಪರಸ್ಥಳಕ್ಕೆ ಬಂದಿದ್ದೇನೆ ಅಂತ ನಿಜವಾಗಿ ಅನ್ನಿಸಿದ್ದು ಆವತ್ತೇ. ಜಗಳೂರಿನ ಕಡೆ ಪಿಯುಸಿ ಮುಗಿಸಿ, ಮುಂದೇನು ಅಂತ ಮನೆಯಲ್ಲಿ ಕೂತಿರುವ ಹೆಣ್ಣುಮಕ್ಕಳು ಇದನ್ನು ಓದಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನನ್ನ ಗಂಡ ತಿಪ್ಪೇಸ್ವಾಮಿಗೆ ಹೊನ್ನಾಳಿಯ ಒಂದು ಅಕ್ಕಿ ಗಿರಣಿಯಲ್ಲಿ ಮಿಷನ್ ರಿಪೇರಿ ಕೆಲಸ ಸಿಕ್ಕಿತ್ತು. ಗಿರಿಜಮ್ಮ ಅನ್ನುವ ಹಿರಿಯರು ತಮ್ಮ ಮನೆಯ ಹಿಂಭಾಗದ ಎರಡು ಕೋಣೆ ನಮಗೆ ಬಾಡಿಗೆಗೆ ಬಿಟ್ಟರು. ನಮ್ಮಲ್ಲಿ ಮೆಕ್ಕೆಜೋಳ, ಶೇಂಗಾ, ಬಯಲಲ್ಲಿ ಕುರಿ ಹಿಂಡು. ಇಲ್ಲಿ ಕಣ್ಣು ಹಾಯಿಸಿದಷ್ಟು ದೂರ ಗದ್ದೆ, ನಡುವೆ ಹೊಳೆ. ನಮ್ಮಲ್ಲಿ ನಲ್ಲಿ ನೀರು ಬಂತೆಂದರೆ ಲೋಟವನ್ನೂ ಬಿಡದೆ ತುಂಬಿಡುತ್ತೇವೆ. ಇಲ್ಲೂ ಹಾಗೇ ತುಂಬಿಟ್ಟಿದ್ದು ನೋಡಿ ಗಿರಿಜಮ್ಮ, "ಹೊಳೆ ಎಲ್ಲೂ ಓಡಿ ಹೋಗಾಕಿಲ್ಲ ಬಿಡವ್ವ" ಅಂದಿದ್ದರು. ಮೂರು ಹೊತ್ತೂ ಅನ್ನ ಉಂಡರೆ ನನಗೆ ಹೊಟ್ಟೆ ತುಂಬಿದಂತೆಯೇ ಆಗುತ್ತಿರಲಿಲ್ಲ. ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿಪುಡಿ ಹಚ್ಚಿ ಗಿರಿಜಮ್ಮನಿಗೂ ಕೊಟ್ಟೆ. ಒಂದು ತಿಂಗಳಲ್ಲಿ ಅವರೇ ಕೇಳಿ ಇಸಿದುಕೊಳ್ಳುವಂತಾಯಿತು. ಹೊನ್ನಾಳಿಯಲ್ಲಿ ನನ್ನ ಮೊದಲ ಗೆಲುವು ಅದು. ಉಳಿದಂತೆ ಗಂಡ ಗಿರಣಿಗೆ, ಮಗಳು ಶಾಲೆಗೆ ಹೋದ ಮೇಲೆ ಮಧ್ಯಾಹ್ನಗಳು ಬಹಳ ಉದ್ದ ಇರುತ್ತಿದ್ದವು. ಮಾತಾಡಲು ಯಾರೂ ಇಲ್ಲದೆ ಅವ್ವನಿಗೆ ಫೋನ್ ಮಾಡುತ್ತಿದ್ದೆ. ಏನು ಅಡುಗೆ ಅಂತ ಇಬ್ಬರೂ ಕೇಳಿ ಮುಗಿಸಿದ ಮೇಲೆ ಅಲ್ಲೂ ಮಾತು ನಿಂತುಹೋಗುತ್ತಿತ್ತು.

ಕಾಲೇಜಿನ ದಾರಿ ತೋರಿಸಿದ್ದು ಗಿರಿಜಮ್ಮನ ಮೊಣಕಾಲು ನೋವು. ಅವರ ಮಗಳನ್ನು ಕೊಟ್ಟಿದ್ದು ನ್ಯಾಮತಿ ಹತ್ತಿರದ ಹಳ್ಳಿಗೆ. ಮೊಮ್ಮಗಳು ಸಹನಾ ಡಿಗ್ರಿ ಸೇರಲು ಬಂದಿದ್ದಳು. "ನನಗೆ ಮೆಟ್ಟಿಲು ಹತ್ತಾಕೆ ಆಗಲ್ಲ, ನೀನಾರ ಜೊತೆಗೆ ಹೋಗಿ ಬಾರವ್ವ" ಅಂದರು. ಹೋದೆ. ಸಹನಾಳ ಅರ್ಜಿಯನ್ನು ನಾನೇ ತುಂಬುತ್ತಿದ್ದುದನ್ನು ಅಲ್ಲಿ ಕೂತಿದ್ದ ಇತಿಹಾಸದ ಮೇಡಂ ನೋಡಿದರು. ಅವರು ದಿನಾ ಚನ್ನಗಿರಿಯಿಂದ ಬಂದು ಹೋಗುವವರು.

"ನೀವೆಷ್ಟು ಓದಿದ್ದೀರಿ?"

"ಪಿಯುಸಿ ಪಾಸಾಗೇತ್ರೀ ಮೇಡಂ. ಹದಿನೈದು ವರ್ಷದ ಹಿಂದಿನ ಮಾತು."

"ಹಾಗಾದ್ರೆ ಇನ್ನೊಂದು ಅರ್ಜಿ ತಗೊಳ್ಳಿ."

ತಮಾಷೆ ಅಂದುಕೊಂಡೆ. ಅವರು ನಗಲಿಲ್ಲ. ಅರ್ಜಿಯನ್ನು ಮಡಿಚಿ ಸೆರಗಿನಲ್ಲಿಟ್ಟುಕೊಂಡು ಮನೆಗೆ ತಂದೆ. ಸಂಜೆ ಗಂಡ ಅದನ್ನು ಗ್ರೀಸಿನ ಕೈಯಲ್ಲೇ ಹಿಡಿದು ಓದಿದರು.

"ಓದಾಕೆ ಮನಸೈತಾ?"

"ಐತೆ."

"ಮತ್ತೆ ನನ್ನೇನು ಕೇಳ್ತೀಯ. ಬೆಳಗಿನ ರೊಟ್ಟಿ ನಾನು ಸುಡ್ತೀನಿ ಬಿಡು."

ಮೊದಲ ವಾರ ನಿಜಕ್ಕೂ ಸುಟ್ಟೇ ಹಾಕಿದರು.

ಮನೆ ನಡೆಸಿದವಳಿಗೆ ಓದು ಏನು ಮಹಾ ಅಂತ ನನಗೊಂದು ಜಂಬ ಇತ್ತು. ಬೆಳಿಗ್ಗೆ ಬೇಗ ಏಳುವ ಅಭ್ಯಾಸವಿತ್ತು, ಹಿಡಿದ ಕೆಲಸ ಬಿಡುವವಳಲ್ಲ. ಮೊದಲ ಇಂಟರ್ನಲ್ ಪರೀಕ್ಷೆಗೆ, ಅಂದರೆ ಕಾಲೇಜಿನವರೇ ನಡುವೆ ಇಡುವ ಕಿರುಪರೀಕ್ಷೆಗೆ, ಇತಿಹಾಸದ ನೋಟ್ಸನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿದೆ. ಪೇಪರ್ ಕೈಗೆ ಬಂದ ತಕ್ಷಣ ಬಾಯಿಪಾಠವನ್ನೆಲ್ಲ ಕಾರಿಕೊಂಡು ಐದು ಹಾಳೆ ತುಂಬಿಸಿದೆ. ಹತ್ತಕ್ಕೆ ಮೂರು ಬಂತು. ಮೇಡಂ ನನ್ನನ್ನು ಸ್ಟಾಫ್ ರೂಮಿಗೆ ಕರೆದರು.

"ಓಬಮ್ಮ, ಇಷ್ಟುದ್ದ ಬರೆದಿದ್ದೀರಲ್ಲ, ಪ್ರಶ್ನೆ ಏನಿತ್ತು ಹೇಳಿ ನೋಡೋಣ."

ನನಗೆ ಪ್ರಶ್ನೆಯೇ ನೆನಪಾಗಲಿಲ್ಲ.

"ಪಾಠ ಬಾಯಿಗೆ ಬಂದರೆ ಸಾಲದು, ತಲೆಗೂ ಬರಬೇಕು. ಮನೆಯಲ್ಲಿ ಯಾರಿಗಾದರೂ ನಿಮ್ಮ ಮಾತಲ್ಲಿ ಹೇಳಿ. ಅವರಿಗೆ ತಿಳಿದರೆ ನಿಮಗೂ ತಿಳಿದಿದೆ ಅಂತ" ಅಂದರು.

ಮನೆಯಲ್ಲಿ ಇದ್ದವರು ರೊಟ್ಟಿ ಸುಡುವ ತಿಪ್ಪೇಸ್ವಾಮಿ. ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಾ ರೈತವಾರಿ ಪದ್ಧತಿಯ ಪಾಠ ಹೇಳಿದೆ. ಬ್ರಿಟಿಷರು ಜಮೀನ್ದಾರನನ್ನು ಬಿಟ್ಟು ರೈತನಿಂದಲೇ ನೇರವಾಗಿ ಕಂದಾಯ ತೆಗೆದುಕೊಂಡದ್ದು ಹೇಗೆ ಅಂತ ವಿವರಿಸಿದೆ. ಅವರು ರೊಟ್ಟಿ ತಿರುವಿ ಹಾಕಿ, "ನಡುವೆ ಜಮೀನ್ದಾರ ಇಲ್ಲ ಅಂದ್ಮೇಲೆ ರೈತ ಸುಖವಾಗಿದ್ನಾ ಹೆಂಗೆ?" ಅಂತ ಕೇಳಿದರು. ನೋಟ್ಸಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಆ ದಿನ ತರಗತಿಯಲ್ಲಿ ಮೊದಲ ಸಲ ಕೈ ಎತ್ತಿದೆ. ಗಂಡ ಕೇಳಿದ ಮಾತನ್ನೇ ನಮ್ಮೂರ ಮಾತಿನಲ್ಲಿ ಕೇಳಿದೆ. ಮುಂದಿನ ಬೆಂಚಿನವರು ನಕ್ಕರು. ಮೇಡಂ ಪುಸ್ತಕ ಮುಚ್ಚಿ, "ಈವತ್ತಿನ ಪಾಠ ಇದೇ" ಅಂದು ಉಳಿದ ಗಂಟೆಯನ್ನೆಲ್ಲ ಆ ಒಂದು ಪ್ರಶ್ನೆಗೆ ಕೊಟ್ಟರು. ಮಾರನೆಯ ದಿನ ಕೊನೆಯ ಬೆಂಚು ಬಿಟ್ಟು ಮುಂದೆ ಬಂದು ಕೂತೆ. ತಿಳಿಯದಿದ್ದರೂ ತಲೆಯಾಡಿಸುವುದು ನನ್ನ ಹಳೇ ಚಾಳಿ. ಅತ್ತೆಮನೆಯಲ್ಲಿ ಅದು ಒಳ್ಳೆಯ ಗುಣ ಅನ್ನಿಸಿಕೊಂಡಿತ್ತು. ಕಾಲೇಜಿನಲ್ಲಿ ಅದರಷ್ಟು ಕೆಟ್ಟ ಅಭ್ಯಾಸ ಇನ್ನೊಂದಿಲ್ಲ.

ಸಹನಾಳ ಚಾಳಿ ಬೇರೆ. ಹುಡುಗಿ ಬಹಳ ಚುರುಕು, ಇಂಗ್ಲಿಷ್ ನೀರು ಕುಡಿದ ಹಾಗೆ ಓದುತ್ತಿದ್ದಳು. ಆದರೆ ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಮೊಬೈಲಿನಲ್ಲಿ ಫೋಟೋ ಹಿಡಿದು, ಓದಿ ಮುಗಿಸಿದ ಸಮಾಧಾನದಲ್ಲಿ ಇರುತ್ತಿದ್ದಳು. ಆ ಫೋಟೋ ಮತ್ತೆ ತೆರೆಯುತ್ತಿದ್ದುದು ಪರೀಕ್ಷೆಯ ಹಿಂದಿನ ದಿನ. ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಕಾಲೇಜು ಬಿಟ್ಟ ಮೇಲೆ ನ್ಯಾಮತಿ ಬಸ್ಸಿಗೆ ಒಂದು ಗಂಟೆ ಹೊತ್ತಿರುತ್ತಿತ್ತು. ಅಷ್ಟು ಹೊತ್ತು ಅವಳ ಮೊಬೈಲು ನನ್ನ ರೊಟ್ಟಿ ಡಬ್ಬಿಯೊಳಗೆ. ಅವಳು ನನಗೆ ಇಂಗ್ಲಿಷ್ ಹೇಳಿಕೊಡಬೇಕು, ನಾನು ಅವಳಿಂದ ಆವತ್ತಿನ ಪಾಠ ಆವತ್ತೇ ಬರೆಸಬೇಕು.

"ಅಕ್ಕ, ಒಂದೇ ಒಂದು ಮೆಸೇಜ್ ನೋಡ್ತೀನಿ ಕೊಡ್ರಿ" ಅನ್ನುತ್ತಿದ್ದಳು.

"ಬಸ್ಸಿನಾಗೆ ಕೂತು ನೋಡುವಂತೆ, ಬರಿ."

ಹೀಗೆ ನಡೆಯುತ್ತಿರುವಾಗ ಅಡಿಕೆ ಸುಗ್ಗಿ ಬಂತು. ಸಹನಾಳ ಅಪ್ಪನ ತೋಟದ್ದು. ಸುಲಿಯಲು ಆಳು ಸಾಲದೆ ಗಿರಿಜಮ್ಮ ನನ್ನನ್ನು ಕರೆದರು. ಪರವೂರಿನಲ್ಲಿ ಮನೆ ಕೊಟ್ಟವರು, ಮಗಳ ಹಾಗೆ ನೋಡಿಕೊಂಡವರು, ಇಲ್ಲ ಅನ್ನುವುದು ಹೇಗೆ. ಇವತ್ತೊಂದು ದಿನ, ನಾಳೆ ಒಂದು ದಿನ ಅಂತ ನ್ಯಾಮತಿ ಬಸ್ಸು ಹತ್ತಿ ತೋಟಕ್ಕೆ ಹೋದೆ. ಮಣೆಗೆ ಕೂರಿಸಿದ ಕತ್ತಿಯ ಮುಂದೆ ಕೂತು ಸುಲಿಯುವುದನ್ನು ಕಲಿತೆ. ಚೊಗರು ಅನ್ನುವ ಮಾತನ್ನೂ ಕಲಿತೆ. ಅಡಿಕೆ ಬೇಯಿಸಿದ ಕೆಂಪು ರಸಕ್ಕೆ ಇಲ್ಲಿ ಹಾಗನ್ನುತ್ತಾರೆ, ನಮ್ಮ ಕಡೆ ಆ ಪದವೇ ಇಲ್ಲ. ಬೆರಳೆಲ್ಲ ಕಪ್ಪಾಯಿತು. ಸಹನಾಳನ್ನು ಮಾತ್ರ ಮನೆಯವರು ತಪ್ಪದೆ ಕಾಲೇಜಿನ ಬಸ್ಸು ಹತ್ತಿಸುತ್ತಿದ್ದರು.

ಒಂದು ದಿನ ಅವಳೇ ತೋಟಕ್ಕೆ ಬಂದು ನನ್ನ ಎದುರು ಕುಕ್ಕರುಗಾಲಲ್ಲಿ ಕೂತಳು. "ಅಕ್ಕ, ನೋಟಿಸ್ ಬೋರ್ಡಿಗೆ ಶಾರ್ಟೇಜ್ ಲಿಸ್ಟ್ ಹಾಕ್ಯಾರೆ. ನಿಮ್ಮ ಹೆಸರೈತೆ."

ಹಾಜರಿ ಸಾಲದವರ ಪಟ್ಟಿ ಅದು. ಮಾರನೆಯ ದಿನ ಹೋಗಿ ನಿಂತಾಗ ಮೇಡಂ ಲೆಕ್ಕ ತೋರಿಸಿದರು. "ಇನ್ನು ಒಂದು ದಿನ ತಪ್ಪಿದರೂ ಪರೀಕ್ಷೆಗೆ ಕೂರಿಸೋಕೆ ಬರೋದಿಲ್ಲ. ನನ್ನ ಕೈಯಲ್ಲೂ ಏನೂ ಇಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ನನಗೆ ಕಣ್ಣು ತುಂಬಿತು. ಯಾರೂ ನನ್ನನ್ನು ಓದಬೇಡ ಅಂದಿರಲಿಲ್ಲ. ಒಂದು ದಿನಕ್ಕೇನಾಗುತ್ತದೆ ಅನ್ನುತ್ತಾ ನಾನೇ ನನ್ನ ಪರೀಕ್ಷೆ ಕಳೆದುಕೊಳ್ಳುವವಳಿದ್ದೆ.

ಆ ಸಂಜೆ ಗಿರಿಜಮ್ಮನ ಜಗಲಿಗೆ ಹೋದೆ. ಅವರು ಮಂಡಕ್ಕಿಗೆ ಎಣ್ಣೆ, ಖಾರ ಹಚ್ಚುತ್ತಿದ್ದರು.

"ಅಮ್ಮಾ, ನಾಳೆಯಿಂದ ನಾನು ಸುಲಿಯಾಕೆ ಬರಲ್ಲ. ಕಾಲೇಜಿಗೆ ಹೋಗ್ಬೇಕು."

"ಇನ್ನು ನಾಕು ದಿನದ ಕೆಲಸ ಐತೆ ಓಬಮ್ಮ."

"ನನಗೆ ಒಂದು ದಿನಾನೂ ಉಳಿದಿಲ್ರೀ."

ನನಗೂ ಒಂದು ತಟ್ಟೆ ಮಂಡಕ್ಕಿ ಕೊಡುವುದು ವಾಡಿಕೆ, ಆವತ್ತು ಕೊಡಲಿಲ್ಲ. ಹತ್ತು ದಿನ ಮಾತಿಲ್ಲ. ಮನೆ ಬಿಡು ಅಂದರೆ ಎಲ್ಲಿಗೆ ಹೋಗುವುದು ಅಂತ ಹೆದರುತ್ತಲೇ ಒಂದು ಗಂಟೆಯನ್ನೂ ತಪ್ಪಿಸದೆ ಕಾಲೇಜಿಗೆ ಹೋದೆ. ಹನ್ನೊಂದನೆಯ ದಿನ ಅವರೇ ನಮ್ಮ ಬಾಗಿಲಿಗೆ ಬಂದರು, ಗೋಡೆ ಹಿಡಿದುಕೊಂಡು ನಿಧಾನಕ್ಕೆ.

"ಸಹನಾನ್ನ ಒಂದಿನಾನೂ ತೋಟಕ್ಕೆ ಕರೀಲಿಲ್ಲ ನಾನು. ನೀನೂ ಅದೇ ಕ್ಲಾಸಿನಾಗೆ ಓದಾಕಿ ಅಂತ ಹೊಳೀಲೇ ಇಲ್ಲ ನೋಡು" ಅಂದರು. ಹೊಸ್ತಿಲ ಮೇಲೆ ಕೂತು, "ರೊಟ್ಟಿ ಐತೇನು?" ಅಂದರು.

ಆ ಪರೀಕ್ಷೆಯಲ್ಲಿ ಇಂಗ್ಲಿಷ್ ಹೇಗೋ ದಾಟಿದೆ. ಇತಿಹಾಸದಲ್ಲಿ ತರಗತಿಗೇ ಹೆಚ್ಚು ಅಂಕ ನನ್ನದು. ಕಪ್ಪು ಹೋಗದ ಬೆರಳಿನಿಂದ ಅಂಕಪಟ್ಟಿ ಹಿಡಿದುಕೊಂಡು ಹೊಳೆಯ ಸೇತುವೆಯ ಮೇಲೆ ನಿಂತು ಎರಡು ಸಲ ಓದಿದೆ. ಉಳಿದ ಎರಡೂವರೆ ವರ್ಷದಲ್ಲಿ ಶಾರ್ಟೇಜ್ ಪಟ್ಟಿಯಲ್ಲಿ ನನ್ನ ಹೆಸರು ಮತ್ತೆ ಬರಲಿಲ್ಲ. ಈ ವರ್ಷ ಫಸ್ಟ್ ಕ್ಲಾಸಿನಲ್ಲಿ ಬಿಎ ಮುಗಿಸಿದೆ, ಸಹನಾಳೂ ಮುಗಿಸಿದಳು. ಹೊಸದಾಗಿ ಸೇರಿದ ಮಕ್ಕಳಿಗೆ ನಾಲ್ಕು ಮಾತು ಹೇಳಿ ಅಂತ ಮೇಡಂ ನನ್ನನ್ನು ಕರೆಸಿದರು. ಈ ಸಲವೂ ಮಕ್ಕಳು ಎದ್ದು ನಿಂತರು. ಈ ಸಲ ನಾನು ಹಿಂದೆ ತಿರುಗಲಿಲ್ಲ. ಮೇಧಾವಿ ಆಗಬೇಕಾಗಿಲ್ಲ, ದಿನಾ ಬನ್ನಿ, ತಿಳಿಯದ್ದನ್ನು ಕೇಳಿ, ಕಲಿತದ್ದನ್ನು ಮನೆಯವರಿಗೆ ಹೇಳಿ, ಓದಿಗೆ ಅಡ್ಡ ಬಂದದ್ದು ಎಷ್ಟೇ ಬೇಕಾದವರ ಮಾತಾದರೂ ಬಾಯಿಬಿಟ್ಟು ಇಲ್ಲ ಅನ್ನಿ ಅಂದೆ. ಜಗಳೂರಿನ ಮಾತಿನಲ್ಲೇ ಅಂದೆ. ಯಾರೂ ನಗಲಿಲ್ಲ.

ಹೋದ ತಿಂಗಳು ಅಂಕಪಟ್ಟಿ ತೋರಿಸಲು ಊರಿಗೆ ಹೋಗಿದ್ದೆ. ಅವ್ವ ನಮ್ಮಣ್ಣನ ಮಕ್ಕಳ ಜೊತೆ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಪಕ್ಕದ ಮನೆಯಾಕೆ ಬಂದು ನನ್ನನ್ನು ನೋಡಿ, ನಿನ್ನ ಮಗಳು ಈಗ ಎಲ್ಲಿರ್ತಾಳೆ ಅಂತ ವಿಚಾರಿಸಿದಳು. ಇಷ್ಟು ವರ್ಷ ಅವ್ವನ ಉತ್ತರ ಒಂದೇ ಇತ್ತು, ಗಂಡನ ಕೆಲಸದ ಹಿಂದೆ ಹೋಗ್ಯಾಳೆ ಅಂತ. ಆವತ್ತು ಅವಳು ಕೈ ಕೊಡವಿಕೊಂಡು ನೆಟ್ಟಗೆ ಕೂತು, "ಹೊನ್ನಾಳಿಗೆ ಓದಾಕೆ ಹೋಗ್ಯಾಳೆ" ಅಂದಳು.

"ಓದು ಮುಗೀತಂತಲ್ಲ. ಹಂಗಾರೆ ವಾಪಸ್ ಊರಿಗೆ ಬರ್ತಾಳೇನು?"

ಅವ್ವ ನನ್ನ ಕಡೆ ನೋಡಿದಳು. ಅಲ್ಲಿ ನನ್ನ ಗಂಡ, ಮಗಳು, ಗಿರಿಜಮ್ಮ, ಮುಂದಿನ ಬೆಂಚು. ಇಲ್ಲಿ ಈ ಅಂಗಳ, ಈ ಮಾತು, ನನ್ನನ್ನು ನೋಡುತ್ತಿರುವ ಈ ಮುಖ. ಬರ್ತೀನಿ ಅಂದರೂ ಸುಳ್ಳಾಗುತ್ತಿತ್ತು, ಬರಲ್ಲ ಅಂದರೂ ಸುಳ್ಳಾಗುತ್ತಿತ್ತು.

"ಇನ್ನೂ ಓದೋದೈತವ್ವ" ಅಂದೆ.

ಅವ್ವ ಸಮಾಧಾನವಾದಂತೆ ತಲೆಯಾಡಿಸಿ, ಶೇಂಗಾ ಮೊರವನ್ನು ನನ್ನ ಕಡೆ ಸರಿಸಿದಳು.